ಗುಬ್ಬಿಕಡ್ಲಿಯ ಬೇಲಿ

ಕೆಂಪಗುಡ್ಡದ ಬಡಗಣ ಇಳಿಜಾರಿಗೆ ತಂತಿಬೇಲಿ ಬಂದು ಇದು ಮೂರನೆಯ ಮಳೆಗಾಲ. ಅದಕ್ಕೆ ಮೊದಲು ಆ ಇಳಿಜಾರಿನ ಬಗ್ಗೆ ಯಾರಿಗೂ ಯಾವ ಅಭಿಪ್ರಾಯವೂ ಇರಲಿಲ್ಲ. ಅಳವಂಡಿ ಕಡೆಯಿಂದ ಬರುವ ಬಸ್ಸಿನಲ್ಲಿ ಎಡಗಡೆ ಕೂತವರು ಅದನ್ನು ನೋಡುತ್ತಿದ್ದರು. ಬಲಗಡೆ ಕೂತವರಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಕೆಂಪು ಮಣ್ಣು, ಅದಕ್ಕಿಂತ ಹೆಚ್ಚು ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿಕಂಟಿ, ಅವುಗಳ ನಡುವೆ ಹುಲಗಮ್ಮನ ನಲವತ್ತೊಂದು ಆಡು. ಈಗ ಅಲ್ಲಿ ಆಳೆತ್ತರದ ಬೇಲಿ ಇದೆ, ಬೀಗ ಹಾಕಿದ ಕಬ್ಬಿಣದ ಗೇಟು ಇದೆ, ಗೇಟಿನ ಪಕ್ಕ ಹಳದಿ ಹೂವಿನ ಚಿತ್ರದ ಫಲಕ ಇದೆ. ಫಲಕದಲ್ಲಿರುವ ಹೂವು ಕುಂಬಳದ ಹೂವಿನಷ್ಟು ದೊಡ್ಡದು. ನಿಜವಾದದ್ದು ಕಿರುಬೆರಳಿನ ಉಗುರಿನಷ್ಟು.

ಊರಿನಲ್ಲಿ ಅದಕ್ಕೆ ಗುಬ್ಬಿಕಡ್ಲಿ ಅನ್ನುತ್ತಾರೆ. ಕಡಲೆ, ಹೆಸರು, ತೊಗರಿಗಳ ಬಳಗದ್ದೇ, ಆದರೆ ಯಾರ ಮನೆಯ ಸಾರಿಗೂ ಬರದ ಬಡ ನೆಂಟ. ನೆಲಕ್ಕೆ ಆತುಕೊಂಡು ಹರಡುತ್ತದೆ. ಎದ್ದುನಿಂತ ಎಸಳಿನ ಬೆನ್ನಿಗೆ ಇಟ್ಟಿಗೆ ಬಣ್ಣದ ಗೆರೆ. ಕಾಯಿ ಒಣಗಿದರೆ ಗುಬ್ಬಿಯ ಹೊಟ್ಟೆಯಂತೆ ಉಬ್ಬಿ, ಅಲುಗಿಸಿದರೆ ಒಳಗೆ ಕಾಳು ಗಿಲಗಿಲ ಅನ್ನುತ್ತದೆ. ಹಸಿ ಗಿಡ ಕಹಿ, ಆಡು ಮೂಸಿ ಮುಂದೆ ಹೋಗುತ್ತದೆ. ಒಣ ಕಾಯಿ ಸಿಕ್ಕರೆ ಮಾತ್ರ ಬಿಡುವುದಿಲ್ಲ. ಹುಲಗಮ್ಮನಿಗೆ ಇಷ್ಟು ಗೊತ್ತಿತ್ತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ಒಬ್ಬ ಇಂಗ್ಲಿಷ್ ದೊರೆ ಅದನ್ನು ಕಿತ್ತು, ಒಣಗಿಸಿ, ಕಾಗದಕ್ಕೆ ಅಂಟಿಸಿ ಒಯ್ದ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಭೂಮಿಯ ಮೇಲಿಂದಲೇ ಕಾಣೆಯಾಗಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಅದರ ನಡುವೆ ಕೂತು ರೊಟ್ಟಿ ತಿನ್ನುತ್ತಿದ್ದಳು.

ಕಾಣೆಯಾದದ್ದನ್ನು ಹುಡುಕಿಕೊಂಡು ಬಂದವಳು ಸಹನಾ. ಕನಕಗಿರಿ ಕಡೆಯ ಒಕ್ಕಲುತನದ ಮನೆಯ ಹುಡುಗಿ, ಗಂಗಾವತಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ದೊರೆ ಗಿಡ ಅಂಟಿಸಿದ್ದ ಆ ಹಳೆಯ ಹಾಳೆಯ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ನಾಲ್ಕು ತಾಲೂಕಿನ ಗುಡ್ಡಗಳನ್ನು ತಿರುಗಿ, ಕೊನೆಗೆ ದಾರಿಯಲ್ಲಿ ಸಿಕ್ಕ ಹುಲಗಮ್ಮನಿಗೆ ಅದನ್ನು ತೋರಿಸಿದಳು. "ಇದಾ? ಬಾ," ಅಂದು ಹುಲಗಮ್ಮ ಕರೆದೊಯ್ದು, ಬೆರಳು ಮಾಡಿ ತೋರಿಸಿ, ಅರ್ಧ ರೊಟ್ಟಿಯನ್ನೂ ಕೊಟ್ಟಳು. ಸಹನಾ ಆ ದಿನ ಮೊಣಕಾಲೂರಿ ಇನ್ನೂರಾ ಹದಿನಾಲ್ಕು ಗಿಡ ಎಣಿಸಿದಳು. ಆಮೇಲೆ ವರದಿ ಬರೆದಳು. ಅದರಲ್ಲಿ ಈ ಅಪರೂಪದ ಸಸ್ಯಕ್ಕೆ ಮುಖ್ಯ ಅಪಾಯ ಜಾನುವಾರುಗಳ ಮೇವಿನ ಒತ್ತಡ ಎಂದಿತ್ತು. ರೊಟ್ಟಿ ಕೊಟ್ಟವಳು ವರದಿಯಲ್ಲಿ ಒತ್ತಡವಾಗಿದ್ದಳು.

ವರದಿ ಇಲಾಖೆಗೆ ಹೋಯಿತು. ಬೇಲಿ ಬಂತು.

ಮಳೆಗಾಲ ಶುರುವಾಗಿ ಸುಗ್ಗಿ ಮುಗಿಯುವ ತನಕ ಸುತ್ತಲಿನ ಹೊಲಗಳಲ್ಲೆಲ್ಲ ಪೈರು ಇರುತ್ತದೆ. ಆ ಐದಾರು ತಿಂಗಳು ಊರ ಆಡುಗಳಿಗೆ ಕಾಲಿಡಲು ಇದ್ದದ್ದು ಆ ಇಳಿಜಾರು ಒಂದೇ. ಬೇಲಿ ಬಂದ ವರ್ಷವೇ ಉಳಿದವರು ತಮ್ಮ ಆಡುಗಳನ್ನು ಸಂತೆಗೆ ಹೊಡೆದರು. ಹುಲಗಮ್ಮ ಹೊಡೆಯಲಿಲ್ಲ. ರಸ್ತೆಯ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ, ಬನ್ನಿಯ ಟೊಂಗೆ ಕಡಿದು ಹಾಕಿ ಸಾಕಿದಳು. ಆಡುಗಳ ಪಕ್ಕೆಲುಬು ದೂರದಿಂದಲೇ ಎಣಿಸುವಂತಾಯಿತು.

"ಮಾರಿಬಿಡು ಹುಲಗವ್ವ, ಯಾಕ ಜೀವಾ ತಿಂತಿ," ಅಂದವರಿಗೆ ಅವಳದು ಒಂದೇ ಉತ್ತರ. "ಗುಡ್ಡದಾಗ ಹುಟ್ಟಿದ ಆಡು ಗುಡ್ಡಕ್ಕ ಹೋಗ್ತಾವು. ನಾವ್ ಸೋತೀವಿ ಅಂತ ಅವೇನ್ ನನಗ ಹೇಳಿಲ್ಲ."

ಇಲಾಖೆ ಬೇಲಿಗೆ ಕಾವಲುಗಾರನನ್ನು ನೇಮಿಸುವಾಗ ಊರಿನವನನ್ನೇ ನೇಮಿಸಿತು. ಆತ ಪರಮೇಶ, ಹುಲಗಮ್ಮನ ಸತ್ತ ಅಕ್ಕನ ಮಗ. ಹೀಗೆ ಚಿಗವ್ವನನ್ನು ಹೊರಗಿಡುವುದು ಅವನ ಉದ್ಯೋಗವಾಯಿತು. ಖಾಕಿ ಅಂಗಿ ಕೊಟ್ಟರು. ಅದರೊಳಗೆ ಇನ್ನೊಬ್ಬ ಪರಮೇಶನಿಗೂ ಜಾಗವಿತ್ತು. ಹುಲಗಮ್ಮ ದಿನಾ ಬೆಳಿಗ್ಗೆ ನಲವತ್ತೊಂದು ಆಡನ್ನೂ ಗೇಟಿನ ತನಕ ಹೊಡೆದುಕೊಂಡು ಬಂದು, ಫಲಕದ ನೆರಳಿನಲ್ಲಿ ಕೂರುತ್ತಿದ್ದಳು. ಆಡುಗಳು ತಂತಿಗೆ ಮೂತಿ ಹಚ್ಚಿ ಒದರುತ್ತಿದ್ದವು.

"ಪರಮೇಶ, ಹೂವಾ ಆರಾಮ ಅದಾವೇನೊ?"

"ಅದಾವು ಚಿಗವ್ವ."

"ಉಂಡ್ವಾ?"

"ಹೂವಾ ಉಣ್ತಾವೇನ ಚಿಗವ್ವ."

"ಮತ್ತ ಕಾಯಾಕ ಒಬ್ಬನ್ನ ಇಟ್ಟಾರಲ್ಲ. ಉಣಸಾಕೂ ಒಬ್ಬನ್ನ ಇಟ್ಟಿರಬೇಕು ಅನ್ಕೊಂಡೆ."

ಪರಮೇಶ ಆ ಕಡೆ ತಿರುಗಿ ಕೂರುತ್ತಿದ್ದ. ಆ ಕಡೆಯಿಂದ ಒಂದು ಹೋತ ಅವನನ್ನೇ ನೋಡುತ್ತಿತ್ತು.

ಈ ದಿನನಿತ್ಯದ ಹಾಜರಿ ಇಲಾಖೆಯ ಅಧಿಕಾರಿ ತಿರುಮಲೇಶನ ಕಿವಿಗೆ ಬಿದ್ದು, ಎರಡನೆಯ ವರ್ಷ ಆತ ನೋಟೀಸು ಹಿಡಿದುಕೊಂಡು ಜೀಪಿನಲ್ಲಿ ಬಂದ. ಕುಷ್ಟಗಿ ಕಡೆಯವನು, ಕೆಟ್ಟವನಲ್ಲ. ಮೇಲಿನಿಂದ ಬಂದ ಕಾಗದವನ್ನು ಕೆಳಗೆ ದಾಟಿಸಿದರೆ ತನ್ನ ಕೆಲಸ ಮುಗಿಯಿತು ಎಂದು ನಂಬಿದವನು.

"ಬೇಲಿ ಹತ್ರ ಆಡು ತರಬಾರದು ಅಂತ ಐತಿ. ಇಲ್ಲಿ ಸಹಿ ಮಾಡಮ್ಮ."

"ನಾ ಹೊರಗ ಅದೀನಲ್ರಿ ಸಾಹೇಬ್ರ."

"ಹೊರಗಿದ್ರೂ ನೂರು ಮೀಟರ್ ದೂರ ಇರಬೇಕು."

"ನೂರು ಮೀಟರ್ ಅಂದ್ರ ಎಲ್ಲಿತನಾ ಬರ್ತದ್ರಿ?"

ತಿರುಮಲೇಶ ಕೈ ಚಾಚಿ ತೋರಿಸಿದ. ಕೈ ತೋರಿದ ಜಾಗದೊಳಗೆ ದುರಗಮ್ಮನ ಕಟ್ಟೆ, ಬಸ್ಸಿನ ರಸ್ತೆ, ಪರಮೇಶನ ಸೈಕಲ್ಲು ಎಲ್ಲ ಬಂದವು.

"ನಿಮ್ಮ ಜೀಪೂ ಒಳಗ ಬಂತಲ್ರಿ," ಅಂದಳು ಹುಲಗಮ್ಮ. "ಅದು ಯಾವಾಗ ಸಹಿ ಮಾಡ್ತದ?"

ಆಕೆಗೆ ಸಹಿ ಬರುತ್ತಿತ್ತು. ವಯಸ್ಕರ ಶಿಕ್ಷಣದಲ್ಲಿ ಕಲಿತು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತು ಅಂದಾಗ ಹಟ ಹಿಡಿದು ಪೆನ್ನು ಕೇಳಿದವಳು. ಆ ದಿನ ಮಾಡಲಿಲ್ಲ. ನೋಟೀಸನ್ನು ಆಡು ತಿಂದಿತೆಂದು ಊರಲ್ಲಿ ಸುದ್ದಿಯಾಯಿತು, ಊರಿಗೆ ಅಂಥ ಕಥೆ ಬೇಕಿತ್ತು. ಹುಲಗಮ್ಮನಿಗೆ ಅದರಿಂದ ನಿಜಕ್ಕೂ ಬೇಜಾರಾಯಿತು. "ನನ್ನ ಆಡು ಅಷ್ಟ ಕೆಟ್ಟಿಲ್ಲ. ಮಡಚಿ ಸಾಹೇಬ್ರ ಕಿಸೇಕ ನಾನ ಇಟ್ಟೀನಿ."

ಇತ್ತ ಬೇಲಿಯೊಳಗೆ ಹುಲ್ಲು ಬೆಳೆಯಿತು. ಬಾಯಿ ಹಾಕುವವರಿಲ್ಲದ ಕರಡ ಹುಲ್ಲು ಮೊದಲು ಮೊಣಕಾಲಿಗೆ ಬಂತು, ಮರುವರ್ಷ ಸೊಂಟಕ್ಕೆ. ಒಣಗಿ ಬಿದ್ದದ್ದರ ಮೇಲೆ ಹೊಸದು ಎದ್ದು ನೆಲವೇ ಮುಚ್ಚಿಹೋಯಿತು. ತಿರುಮಲೇಶ ಗೇಟಿನಲ್ಲಿ ನಿಂತು ಅದರ ಫೋಟೋ ತೆಗೆದು ಕಳಿಸಿದ. ಹಸಿರು ಚೆನ್ನಾಗಿ ಬಂದಿತ್ತು. ಸಂರಕ್ಷಣೆ ಯಶಸ್ವಿ, ಗಿಡಗಳ ಸಂಖ್ಯೆ ಇನ್ನೂರಾ ಅರವತ್ತಕ್ಕೆ ಏರಿದೆ, ಮುನ್ನೂರು ದಾಟಿದೆ ಎಂದು ವರ್ಷಕ್ಕೊಮ್ಮೆ ಬರೆದ. ಹುಲ್ಲೊಳಗೆ ಹೋಗಿ ಎಣಿಸಲು ಅವನಿಗೆ ಹಾವಿನ ಭಯವಿತ್ತು.

ಎಣಿಸಿದವಳು ಸಹನಾ. ಎರಡನೆಯ ಮಳೆಗಾಲದಲ್ಲಿ ಅರವತ್ತಮೂರು ಸಿಕ್ಕಿದವು. ಮಳೆ ಕಡಿಮೆ ಎಂದುಕೊಂಡಳು. ಈ ವರ್ಷ ಮಳೆ ಸರಿಯಾಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹುಲ್ಲು ಸರಿಸಿ ಸರಿಸಿ ಸಿಕ್ಕದ್ದು ನಾಲ್ಕು. ಅವೂ ಗೇಟಿನ ಬುಡದಲ್ಲಿ, ಪರಮೇಶ ಕೂತು ಎದ್ದು ಹುಲ್ಲು ಸವೆದ ಜಾಗದಲ್ಲಿ. ಸಹನಾ ಅಲ್ಲೇ ಕೂತಳು. ತಂತಿಯ ಆಚೆ ಹುಲಗಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಎಷ್ಟ ಅದಾವ್ರಿ ಅಕ್ಕೋರ?"

ಸಹನಾ ನಾಲ್ಕು ಬೆರಳು ತೋರಿಸಿದಳು.

"ಅವೂ ಪರಮೇಶನ ಕುಂಡಿ ಪುಣ್ಯದಿಂದ," ಅಂದಳು ಹುಲಗಮ್ಮ. ಪರಮೇಶ ಎದ್ದು ನಿಂತ.

"ಕಾಲೇಜಿನಾಗೂ ಬಿತ್ತಿ ನೋಡೇನಿ ಅಮ್ಮ. ಕುಂಡದಾಗ ನೂರು ಕಾಳು ಹಾಕಿದ್ದೆ. ಒಂದೂ ಹುಟ್ಟಲಿಲ್ಲ. ಸಿಪ್ಪಿ ಕಲ್ಲಿದ್ದಂಗ ಐತಿ, ನೀರು ಒಳಗ ಇಳಿಯಂಗಿಲ್ಲ." ಸಹನಾ ಬೆರಳು ಮಡಚಿಕೊಂಡು ಹೇಳಿದಳು, "ನಾ ತಪ್ಪು ಬರದೀನಿ ಅನಸ್ತದ."

ಮೂರು ವರ್ಷದಲ್ಲಿ ಆ ಬೇಲಿಯ ಒಳಗಿನಿಂದ ಯಾರಾದರೂ ಹುಲಗಮ್ಮನಿಗೆ ಇಂಥ ಮಾತು ಹೇಳಿದ್ದು ಅದೇ ಮೊದಲು. ಅವಳು ಎಲೆ ಅಡಿಕೆಯ ಚೀಲ ಮಡಚಿ ಎದ್ದಳು. "ಹೊರಗ ಬಾ ತಂಗಿ. ಒಂದೀಟ ನಡೀಬೇಕು."

ನಡೆದದ್ದು ಅರ್ಧ ತಾಸು, ಹಾಜಿಸಾಬನ ಹೊಲಕ್ಕೆ. ಆ ಎರಡು ಎಕರೆಯ ಮೇಲೆ ಹಾಜಿಸಾಬನಿಗೂ ಅವನ ತಮ್ಮನಿಗೂ ತಕರಾರು. ತೀರ್ಮಾನವಾಗುವ ತನಕ ಇನ್ನೊಬ್ಬ ಉಳಬಾರದೆಂದು ಇಬ್ಬರೂ ಕಣ್ಣಿಟ್ಟು ಕಾಯ್ದು, ಹೊಲ ಮೂರು ವರ್ಷದಿಂದ ಬೀಳು ಬಿದ್ದಿತ್ತು. ಇಬ್ಬರೂ ಒಪ್ಪಿದ್ದು ಒಂದೇ ಸಂಗತಿಗೆ: ಹುಲಗಮ್ಮನ ಆಡು ಅಲ್ಲಿ ತರುಬಬಹುದು. ಹಿಂಡನ್ನು ಸಂಜೆ ಹೊಲದಲ್ಲಿ ನಿಲ್ಲಿಸಿ, ಸುತ್ತ ಬಲೆ ಕಟ್ಟಿ, ಬೆಳಗಾಗುವ ತನಕ ಅದು ಹಾಕುವ ಗೊಬ್ಬರವನ್ನು ಮಣ್ಣಿಗೆ ಬಿಡುವುದಕ್ಕೆ ಈ ಕಡೆ ತರುಬುವುದು ಅನ್ನುತ್ತಾರೆ. ಹೊಲ ನಾಳೆ ತನ್ನದೇ ಆಗುತ್ತದೆ, ಗೊಬ್ಬರ ಪುಕ್ಕಟೆ ಎಂದು ಅಣ್ಣನೂ ಲೆಕ್ಕ ಹಾಕಿದ್ದ, ತಮ್ಮನೂ ಹಾಕಿದ್ದ.

ಸಹನಾ ಬದುವಿನ ಮೇಲೆ ನಿಂತಳು. ಹೊಲ ಹಳದಿಯಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ಕೆಳಗಿಳಿದು, ಬಗ್ಗಿ, ಮಳೆಗೆ ನೆನೆದ ಆಡಿನ ಹಿಕ್ಕಿಯೊಂದನ್ನು ಎತ್ತಿಕೊಂಡು ಬೆರಳಲ್ಲಿ ಒಡೆದಳು. ಒಳಗೆ ಮೂರು ಕಾಳು. ಮೇಲಿನ ಸಿಪ್ಪೆ ಅಲ್ಲಲ್ಲಿ ಸವೆದು, ಒಂದು ಆಗಲೇ ಉಬ್ಬಿ ಬಿಳಿಯ ಮೊಳಕೆ ಹಾಕಿತ್ತು.

"ಬೇಲಿ ಹಾಕೂ ಮೊದಲ ಗುಡ್ಡದಾಗ ಕಾಯಿ ತಿಂದು ಬಂದಿದ್ವು," ಅಂದಳು ಹುಲಗಮ್ಮ. "ನಾ ಎಲ್ಲೆಲ್ಲಿ ತರುಬ್ತೀನಿ ಅಲ್ಲೆಲ್ಲಾ ಹುಟ್ತಾವು. ಉಳಿದವರ ಹೊಲದಾಗ ಎಡಿ ಹೊಡದು ಕಿತ್ತಿ ಒಗೀತಾರ. ಇವರಿಬ್ಬರ ಜಗಳಕ್ಕ ಇಲ್ಲಿ ಉಳಕೊಂಡಾವು."

"ಇದನ್ನ ನನಗ ಅವತ್ತ ಯಾಕ ಹೇಳಲಿಲ್ಲ ಅಮ್ಮ?"

"ನೀ ಎಣಿಸಾಕ ಹತ್ತಿದ್ದಿ. ಕೇಳಲಿಲ್ಲ."

ಸಹನಾ ಮತ್ತೆ ಮೊಣಕಾಲೂರಿದಳು. ನೂರಾ ಎಂಬತ್ತೇಳು.

ಇಷ್ಟರಲ್ಲಿ ಆಗಬಾರದ್ದು ಆಯಿತು. ಮುನ್ನೂರು ದಾಟಿದ ಹೂವುಗಳನ್ನು ನೋಡಲು ಮೇಲಧಿಕಾರಿ ರೇಣುಕಾದೇವಿ ಬರುತ್ತಾರೆಂದು ತಿರುಮಲೇಶನಿಗೆ ಕಾಗದ ಬಂತು. ಈ ಸಲ ಅದನ್ನು ಕೆಳಗೆ ದಾಟಿಸುವಂತಿರಲಿಲ್ಲ. ಆತ ಪರಮೇಶನ ಬಾಯಿಂದ ಹಾಜಿಸಾಬನ ಹೊಲದ ಸುದ್ದಿ ತಿಳಿದುಕೊಂಡ. ಮೇಲಧಿಕಾರಿ ಬರುವ ಹಿಂದಿನ ದಿನ ಮೂರು ಗುದ್ದಲಿ, ಐವತ್ತು ಪ್ಲಾಸ್ಟಿಕ್ ಚೀಲ, ಮೂರು ಕೂಲಿಯಾಳು, ಪರಮೇಶ, ಇಷ್ಟನ್ನು ಜೀಪಿನಲ್ಲಿ ತುಂಬಿಕೊಂಡು ಹೊಲಕ್ಕೆ ಬಂದ. ಐವತ್ತು ಗಿಡ ಕಿತ್ತು ಬೇಲಿಯೊಳಗೆ ಊರಿ, ನೀರು ಚಿಮುಕಿಸಿದರೆ ನಾಳೆ ಮಧ್ಯಾಹ್ನದ ತನಕ ತಲೆ ಎತ್ತಿ ನಿಲ್ಲುತ್ತವೆ ಎಂಬುದು ಯೋಜನೆ.

ಹೊಲದ ಸುತ್ತ ಬಲೆ ಕಟ್ಟಿತ್ತು. ನಾಲ್ಕೂ ಮೂಲೆಗೆ ಗೂಟ. ಹೊತ್ತು ಇನ್ನೂ ನೆತ್ತಿ ಇಳಿದಿರಲಿಲ್ಲ, ಆದರೆ ಒಳಗೆ ನಲವತ್ತೊಂದು ಆಡೂ ನಿಂತು, ಗಿಡದ ಬುಡದ ಒಣ ಕಾಯಿಗಳನ್ನು ಕರುಂ ಕರುಂ ಅನ್ನಿಸುತ್ತಿದ್ದವು. ತುದಿಯ ಹೂವಿಗೆ ಒಂದೂ ಬಾಯಿ ಹಾಕುತ್ತಿರಲಿಲ್ಲ. ಬಲೆಯ ಬಾಯಲ್ಲಿ ಹುಲಗಮ್ಮ ಕೂತಿದ್ದಳು. ಬದುವಿನ ಮೇಲೆ ಹಾಜಿಸಾಬ.

"ಹಗಲೊತ್ತಿನಾಗ ಯಾರ್ ತರುಬ್ತಾರ ಚಿಗವ್ವ," ಅಂದ ಪರಮೇಶ, ಗುದ್ದಲಿಯನ್ನು ಬೆನ್ನ ಹಿಂದೆ ಹಿಡಿದು.

"ನಾ ತರುಬೀನಿ."

ತಿರುಮಲೇಶ ಹೊಲದ ಮಾಲೀಕನ ಕಡೆ ತಿರುಗಿದ. "ಹಾಜಿಸಾಬ, ನಿನ್ನ ಹೊಲ. ನೀ ಹೇಳು, ಒಳಗ ಬಿಡ್ತಾಳ."

ಹಾಜಿಸಾಬ ಗಡ್ಡ ನೀವಿಕೊಂಡ. "ಸಾಹೇಬ್ರ, ಹಿಂಡು ತರುಬಿದ ಮ್ಯಾಲೆ ಅದು ಏಳೋತನಾ ಹೊಲ ಹಿಂಡಿನವರದು. ನಮ್ಮಪ್ಪನ ಕಾಲದಿಂದ ಹಂಗ ನಡದೈತಿ. ಒಳಗ ನನ್ನ ಚಪ್ಪಲಿ ಬಿಟ್ಟೀನಂದ್ರೂ ಆಕೀನ್ನ ಕೇಳಿ ತರಬೇಕು. ನನ್ನ ತಮ್ಮನೂ ಇದೊಂದು ಮಾತು ಒಪ್ತಾನ."

"ಇದು ಸರಕಾರದ ಕೆಲಸ."

"ಸರಕಾರದ ಬೇಲಿ ದಾಟಬ್ಯಾಡ ಅಂದ್ರಿ, ಮೂರು ವರ್ಷ ದಾಟಲಿಲ್ಲ," ಅಂದಳು ಹುಲಗಮ್ಮ. "ನಿಮ್ಮದು ಕಬ್ಬಿಣ ಐತಿ, ನಂದು ದಾರ. ದಾಟ್ರಿ ನೋಡೋಣು."

ಕೂಲಿಯವರು ಮೂವರೂ ಊರವರೇ, ಹುಲಗಮ್ಮನಿಗೆ ಸುದ್ದಿ ಹಿಂದಿನ ರಾತ್ರಿಯೇ ಮುಟ್ಟಿತ್ತು. ಒಬ್ಬ ಆಗಲೇ ಗುದ್ದಲಿ ಕೆಳಗಿಟ್ಟು ಬೀಡಿ ಹಚ್ಚಿದ್ದ. ಸುದ್ದಿ ತಿಳಿದು ಸಹನಾ ಬಸ್ಸಿಳಿದು ಓಡುತ್ತ ಬಂದಳು. ಈ ಗಿಡದ ಬೇರು ಒಂದು ತೋಳಿನಷ್ಟು ಆಳ ಇಳಿದಿರುತ್ತದೆ, ತುಂಡಾದರೆ ಐವತ್ತಕ್ಕೆ ಐವತ್ತೂ ಸಾಯುತ್ತವೆ, ಹಾಗಾದರೆ ನಾನೇ ದೂರು ಬರೆಯುತ್ತೇನೆ ಎಂದಳು. ತಿರುಮಲೇಶ ಐವತ್ತು ಖಾಲಿ ಚೀಲಗಳೊಂದಿಗೆ ಜೀಪು ಹತ್ತಿದ.

ಮರುದಿನ ಹತ್ತಕ್ಕೆ ರೇಣುಕಾದೇವಿ ಬಂದರು. ಟೋಪಿ, ಕಾಲಿಗೆ ಒಳ್ಳೆಯ ಬೂಟು, ಕಡಿಮೆ ಮಾತು. ಗೇಟು ದಾಟಿ, ಸೊಂಟದೆತ್ತರದ ಹುಲ್ಲಿನ ಎದುರು ನಿಂತರು.

"ಹೂವು ಎಲ್ಲಿ?"

"ಈ ವರ್ಷ ಸ್ವಲ್ಪ ತಡ ಆಗಿದೆ ಮೇಡಂ," ಅಂದ ತಿರುಮಲೇಶ.

"ತಡ ಆಗಿಲ್ರಿ, ಹೋಗ್ಯಾವು," ಎಂಬ ಧ್ವನಿ ಬೇಲಿಯ ಆಚೆಯಿಂದ ಬಂತು. ಹುಲಗಮ್ಮ ಹಿಂಡಿನೊಂದಿಗೆ ಎಂದಿನ ಜಾಗದಲ್ಲಿದ್ದಳು. ಆಡುಗಳ ಹೊಟ್ಟೆ ತುಂಬಿತ್ತು.

"ಎಲ್ಲಿಗೆ ಹೋದವು?"

"ನನ್ನ ಕೂಡ ಬಂದಾವ್ರಿ."

ಸಹನಾ ಮುಂದೆ ಬಂದು ತಾನು ಬರೆದು ತಂದಿದ್ದ ಎರಡು ಹಾಳೆ ಕೊಟ್ಟಳು. ತನ್ನ ವರದಿ ತಪ್ಪು. ಆಡು ತಿಂದರೇ ಕಾಳು ಹುಟ್ಟುತ್ತದೆ, ಆಡು ಹುಲ್ಲು ಮೇಯ್ದರೇ ಹುಟ್ಟಿದ್ದಕ್ಕೆ ಬಿಸಿಲು ಸಿಗುತ್ತದೆ. ಬೇಲಿಯೊಳಗೆ ಉಳಿದದ್ದು ನಾಲ್ಕು, ಹೊರಗೆ ಹೊಲದಲ್ಲಿ ನೂರಾ ಎಂಬತ್ತೇಳು. ರೇಣುಕಾದೇವಿ ಅದನ್ನು ಓದುವಾಗ ತಿರುಮಲೇಶ ಹುಲ್ಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಆ ಹೊಲ ತೋರಿಸಿ," ಅಂದರು ರೇಣುಕಾದೇವಿ. "ಅದಕ್ಕೂ ಬೇಲಿ ಹಾಕಿಸಬೇಕಾಗುತ್ತದೆ."

ಹುಲಗಮ್ಮ ಗೇಟಿನ ಬಾಯಲ್ಲಿ ಬಂದು ಕೂತಳು. ಹೊರಗೆ ಹೋಗುವವರು ಈಗ ಅವಳನ್ನು ದಾಟಿಯೇ ಹೋಗಬೇಕು. "ಅದಕ್ಕ ತೋರ್ಸಂಗಿಲ್ರಿ. ನೀವು ಬೇಲಿ ಹಾಕ್ತೀರಿ, ಅವು ಅಲ್ಲಿಂದಾನೂ ಹೋಗ್ತಾವು. ಎಷ್ಟ ಊರು ತಿರುಗಬೇಕ್ರಿ ಅವು?"

ತಿರುಮಲೇಶ, ನನಗೆ ಆ ಹೊಲ ಗೊತ್ತು ಎನ್ನಲು ಬಾಯಿ ತೆರೆದ. ಹೇಗೆ ಗೊತ್ತು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ ಎಂದು ಹೊಳೆದು ಮುಚ್ಚಿದ.

"ನಿಮಗೇನು ಬೇಕಮ್ಮ?"

"ನನ್ನ ಆಡು ಒಳಗ ಬಿಡ್ರಿ."

"ನಿಯಮದಲ್ಲಿ ಅವಕಾಶ ಇಲ್ಲ."

"ನಿಮಗ ಹೂವಾ ಉಳೀಬೇಕೊ ಬೇಲಿ ಉಳೀಬೇಕೊ, ಅದೊಂದು ಹೇಳ್ರಿ. ಬೇಲಿ ಅಂದ್ರ ನಾ ಏಳ್ತೀನಿ. ಫಲಕದ ಮ್ಯಾಲಿನ ಹೂವಾ ಅದ, ಅದರ ಮುಂದ ನಿಂತು ಫೋಟೋ ತಗಸ್ಕೋರಿ."

ಪರಮೇಶ ಕೆಮ್ಮಿದ. ರೇಣುಕಾದೇವಿ ಫಲಕವನ್ನು ನೋಡಿದರು, ನಾಲ್ಕು ಗಿಡಗಳನ್ನು ನೋಡಿದರು, ಸಹನಾಳ ಹಾಳೆಯನ್ನು ಇನ್ನೊಮ್ಮೆ ನೋಡಿದರು.

"ಪ್ರಯೋಗ ಅಂತ ಬರೆಯೋಣ," ಅಂದರು ಕೊನೆಗೆ. "ಒಂದು ದಿನ ಬಿಡಿ. ಸಂಜೆ ಹೊರಗೆ."

"ಏನಾರ ಬರಕೋರಿ," ಅಂದು ಹುಲಗಮ್ಮ ಎದ್ದು ಗೇಟು ಪೂರ್ತಿ ತೆರೆದಳು.

ಮೂರು ವರ್ಷ ತಂತಿಗೆ ಮೂತಿ ಹಚ್ಚಿದ್ದ ನಲವತ್ತೊಂದು ಆಡು ಒಂದರ ಮೇಲೊಂದು ನುಗ್ಗಿ ಒಳಗೆ ಹೋದವು. ಹುಲ್ಲಿನಲ್ಲಿ ಮುಳುಗಿದವು, ಬೆನ್ನು ಮಾತ್ರ ಕಂಡವು, ಆಮೇಲೆ ಹುಲ್ಲೇ ತಗ್ಗತೊಡಗಿತು. ಹಾಜಿಸಾಬನ ಹೊಲದಿಂದ ಹೊಟ್ಟೆಯಲ್ಲಿ ಹೊತ್ತು ತಂದದ್ದನ್ನು ಅವು ಮೇಯುತ್ತ ಮೇಯುತ್ತಲೇ ಇಳಿಸುತ್ತಿದ್ದವು.

"ಹೊಲಕ್ಕೆ ಬರ್ತೀರಾ?" ಎಂದು ರೇಣುಕಾದೇವಿ ಕೇಳಿದರು.

"ಅಕ್ಕೋರ ತೋರಸ್ತಾರ ಹೋಗ್ರಿ. ನನಗ ಕೆಲಸ ಐತಿ."

ಅವರು ಹೊಲ ನೋಡಿ, ಫೋಟೋ ತೆಗೆದು, ಅಳವಂಡಿಯಲ್ಲಿ ಊಟ ಮಾಡಿ ಹೊರಟುಹೋದರು. ಬೇಲಿಯ ಮಾತು ಮತ್ತೆ ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ. ತಿರುಮಲೇಶ ಸಂಜೆ ಐದಕ್ಕೆ ಒಬ್ಬನೇ ಗುಡ್ಡಕ್ಕೆ ಬಂದ. ಗೇಟು ತೆರೆದೇ ಇತ್ತು. ಇಳಿಜಾರಿನ ನಡುವೆ, ಹುಲ್ಲು ತಗ್ಗಿ ಮಣ್ಣು ಕಂಡ ಕಡೆ, ನಾಲ್ಕು ಗೂಟ ನಿಂತಿದ್ದವು. ನಾಲ್ಕನೆಯದನ್ನು ಪರಮೇಶ ಕಲ್ಲಿನಿಂದ ಬಡಿಯುತ್ತಿದ್ದ, ಖಾಕಿ ಅಂಗಿಯನ್ನು ಕಳಚಿ ತಂತಿಯ ಮೇಲೆ ಹಾಕಿ. ಹುಲಗಮ್ಮ ಬಲೆ ಬಿಗಿಯುತ್ತಿದ್ದಳು.

"ಸಂಜಿ ಆತಮ್ಮ. ಹೊರಗ ಹೊಡಿ."

"ತರುಬೀನ್ರಿ ಸಾಹೇಬ್ರ."

ತಿರುಮಲೇಶ ಬಲೆಯ ಈಚೆಗೇ ನಿಂತ. ದಾರ ಅವನ ಮೊಣಕಾಲಿಗಿಂತ ತುಸು ಎತ್ತರವಿತ್ತು. ಒಳಗೆ ಕಾಲಿಡಲಿಲ್ಲ.

"ಯಾವಾಗ ಏಳಸ್ತಿ?"

ಹುಲಗಮ್ಮ ಗಂಟು ಹಾಕಿ, ಎಳೆದು ನೋಡಿ, ಸರಿಯಾಯಿತೆಂದು ಬಿಟ್ಟಳು.

"ಸುಗ್ಗಿ ಆದ ಮ್ಯಾಲೆ."